ಕಾಣೆಯಾದ ಬಿಲ್ಲೆ

ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವರು ತೊದಲು ಮಾತಿನ ಮಕ್ಕಳು. ಆಮೇಲೆ ಅವುಗಳ ಅಪ್ಪ ಅಮ್ಮಂದಿರು ಶುರು ಮಾಡಿದರು, ಹಾಲಿನವನು ಶುರು ಮಾಡಿದ, ಕೊನೆಗೆ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ನಾಚಿಕೆಯಿಲ್ಲದೆ ಹಾಗೇ ಕರೆಯತೊಡಗಿದರು. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವಳು ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದಳು. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಕಟ್ಟಿದ್ದಳು. ಪ್ಲಗ್ಗಿನ ತೂತುಗಳಿಗೆ ಮುಚ್ಚಳ ಹಾಕಿಸಿದ್ದಳು. ‘ಚಿಕ್ಕಮ್ಮನ ಹತ್ರ ಬಿಟ್ರೆ ಮಗು ಅಜ್ಜಿ ಮಡಿಲಲ್ಲಿ ಇದ್ದಂಗೆ’ ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಅವಳ ಜೊತೆ ಕೆಲಸಕ್ಕಿದ್ದವಳು ಓರಗಿತ್ತಿ. ಮೈದುನನ ಹೆಂಡತಿ, ಇವಳಿಗಿಂತ ಚಿಕ್ಕವಳು, ಮಾತು ಸ್ವಲ್ಪ ಚುರುಕು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಮಕ್ಕಳ ಹತ್ತಿರ ಇರಲೇಬೇಕು ಎಂಬುದು ಇಬ್ಬರ ಒಪ್ಪಂದ. ಆ ದಿನ ಮಾತ್ರ ಓರಗಿತ್ತಿ ಹುಳುಕು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಬೀದಿಯಲ್ಲಿ ಜ್ವರ ಹರಡಿತ್ತಾದ್ದರಿಂದ ಬಂದಿದ್ದ ಮಕ್ಕಳೂ ಇಬ್ಬರೇ. ಒಬ್ಬ ಗುಂಡ, ಎರಡು ತುಂಬಿದ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಹುಡುಗ. ಇನ್ನೊಬ್ಬಳು ಪುಟ್ಟಿ, ಒಂದೂವರೆ ವರ್ಷದವಳು. ಅವಳು ಇದ್ದಾಳೆಂದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಸದ್ದಿಲ್ಲದ ಮಗು.

ಊಟವಾದ ಮೇಲೆ ಇಬ್ಬರೂ ನೆಲದ ಹಾಸಿಗೆಯಲ್ಲಿ ಮಲಗಿದರು. ಹೊರಗೆ ಮೋಡ ಕಟ್ಟಿತ್ತು. ಹಿತ್ತಲಲ್ಲಿ ಒಣಗಿದ ಬಟ್ಟೆ ತರೋಣವೆಂದು ಚಿಕ್ಕಮ್ಮ ಎದ್ದಳು. ಅಷ್ಟರಲ್ಲಿ ಅವಳ ತಂಗಿಯ ಫೋನು. ತಂಗಿಗೆ ಅತ್ತೆಯ ಜೊತೆ ಆದ ಜಗಳವನ್ನು ಅತ್ತೆಯ ದನಿಯಲ್ಲೇ ಅಭಿನಯಿಸಿ ಹೇಳುವ ಅಭ್ಯಾಸ. ಚಿಕ್ಕಮ್ಮ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಟ್ಟೆ ತೆಗೆದು ಎಷ್ಟೋ ಹೊತ್ತಾಗಿದ್ದರೂ ನಿಂತೇ ಇದ್ದಳು.

ಒಳಗೆ ಬಂದಾಗ ಗುಂಡ ಎದ್ದು ನೆಲದ ಮೇಲೆ ಕೂತಿದ್ದ. ಪುಟ್ಟಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗುಂಡನ ಬಾಯಲ್ಲಿ ಕಪ್ಪನೆಯದೇನೋ ಇತ್ತು. ಬೆರಳು ಹಾಕಿ ತೆಗೆದಳು. ಫ್ಯಾನಿನ ಸಣ್ಣ ರಿಮೋಟಿನ ಹಿಂದಿನ ಮುಚ್ಚಳ. ಕಿಟಕಿಯ ಕಟ್ಟೆಯ ಮೇಲಿರಬೇಕಾಗಿದ್ದ ರಿಮೋಟು ನೆಲದಲ್ಲಿ ಬೋರಲಾಗಿ ಬಿದ್ದಿತ್ತು. ಮುಚ್ಚಳ ಸಡಿಲವಾಗಿದೆಯೆಂದು ತಿಂಗಳ ಹಿಂದೆ ಅವಳೇ ಟೇಪು ಸುತ್ತಿದ್ದಳು. ಟೇಪು ಬಿಚ್ಚಿಕೊಂಡಿತ್ತು. ಒಳಗಿರಬೇಕಾದ ಸೆಲ್ಲು ಇರಲಿಲ್ಲ. ಬಿಲ್ಲೆಯಂಥ, ಹೊಳೆಯುವ, ಬೆರಳುಗುರಿನಷ್ಟು ದೊಡ್ಡ ಸೆಲ್ಲು.

ಪುಟ್ಟಿ ಮಲಗಿದ್ದ ಹಾಸಿಗೆಯ ಸುತ್ತ ತಡವಿದಳು. ಚಾಪೆ ಎತ್ತಿದಳು. ಆಟದ ಸಾಮಾನಿನ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಬೀರುವಿನ ಕೆಳಗೆ ಪೊರಕೆಯ ಹಿಡಿ ತೂರಿಸಿ ಎಳೆದಳು. ಒಂದು ಕಾಲುಚೀಲ, ಒಂದು ಚಮಚ, ಧೂಳು. ಗುಂಡ ಇದೆಲ್ಲ ತನಗಾಗಿ ನಡೆಯುತ್ತಿರುವ ಆಟವೆಂದುಕೊಂಡು ಚಪ್ಪಾಳೆ ತಟ್ಟಿದ. ಅವನ ಬಾಯಿ ತೆರೆಸಿ ನೋಡಿದಳು. ಹೊಟ್ಟೆ ಒತ್ತಿ ನೋಡಿದಳು. ಕಚಗುಳಿಯಾಗಿ ಅವನು ಕಿಲಕಿಲ ನಕ್ಕ.

ಆಗಲೇ ಗೇಟಿನ ಸದ್ದಾಯಿತು. ಗುಂಡನ ತಾಯಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನಕ್ಕಿಂತ ಬೇಗ ಬಂದಿದ್ದಳು.

“ಮಳೆ ಬರೋ ಮುಂಚೆ ಮನೆ ಸೇರ್ಕೋಬೇಕು ಚಿಕ್ಕಮ್ಮ. ಇವತ್ತು ಏನಾದ್ರೂ ತರ್ಲೆ ಮಾಡಿದ್ನಾ?”

ರಿಮೋಟು ಚಿಕ್ಕಮ್ಮನ ಸೆರಗಿನೊಳಗಿತ್ತು. ಯಾವಾಗ ಅಲ್ಲಿ ಸೇರಿಸಿದೆನೆಂದು ಅವಳಿಗೇ ತಿಳಿಯದು. “ಇಲ್ಲಮ್ಮ,” ಎಂದಳು. “ಚೆನ್ನಾಗೇ ಇದ್ದ.”

ಗುಂಡ ತಾಯಿಯ ಕೊರಳಿಗೆ ಜೋತುಬಿದ್ದ. ಬ್ಯಾಗು ಹೆಗಲಿಗೇರಿತು. ಅವರು ಮೆಟ್ಟಿಲಿಳಿದರು. ಹುಡುಗ ನಗುತ್ತಿದ್ದಾನೆ, ಆಡುತ್ತಿದ್ದಾನೆ. ನುಂಗಿದ್ದಾನೆಂದು ಯಾರು ಕಂಡರು? ನುಂಗಿದ್ದರೂ ಎಲ್ಲಿ ನುಂಗಿದನೆಂದು ಯಾರು ಹೇಳಬಲ್ಲರು? ಅವರ ಮನೆಯಲ್ಲೂ ರಿಮೋಟುಗಳಿವೆ. ಈ ಕೊನೆಯ ಯೋಚನೆ ಬಂದದ್ದೇ ತಡ, ಚಿಕ್ಕಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸ್ಕೂಟರು ಶುರುವಾದ ಸದ್ದು ಕೇಳಿತು. ಅವಳು ಬರಿಗಾಲಲ್ಲಿ ಓಡಿದಳು.

“ನಿಲ್ಲಮ್ಮ! ಗಾಡಿ ನಿಲ್ಸು!”

ರಿಮೋಟನ್ನು ತೋರಿಸಿ, ಮುಚ್ಚಳ ಗುಂಡನ ಬಾಯಲ್ಲಿತ್ತೆಂದು, ಸೆಲ್ಲು ಸಿಗುತ್ತಿಲ್ಲವೆಂದು ಹೇಳಿದಳು. ತಾಯಿಯ ಮುಖ ಬಿಳಿಚಿಕೊಂಡಿತು. ಹಲ್ಲು ಕೀಳಿಸಿಕೊಂಡ ಓರಗಿತ್ತಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬರುತ್ತಿದ್ದಳು. ಪುಟ್ಟಿಯನ್ನು ಅವಳಿಗೆ ಒಪ್ಪಿಸಿ ಚಿಕ್ಕಮ್ಮ ಸ್ಕೂಟರಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಇಬ್ಬರ ನಡುವೆ ಸಿಕ್ಕಿಕೊಂಡ ಗುಂಡ ಬಸ್ಸು ಕಂಡಲ್ಲೆಲ್ಲ “ಬಸ್ಸು, ಬಸ್ಸು” ಎನ್ನುತ್ತಿದ್ದ.

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿದ್ದ ಡಾಕ್ಟರಮ್ಮ ಸೆಲ್ಲು ಎಂಬ ಮಾತು ಕೇಳಿದ ಕೂಡಲೇ ಎದ್ದು ನಿಂತರು. ಸಾಲಲ್ಲಿದ್ದವರನ್ನೆಲ್ಲ ಬಿಟ್ಟು ಮೊದಲು ಇವರನ್ನೇ ಎಕ್ಸ್‌ರೇಗೆ ಕಳಿಸಿದರು. ಗುಂಡ ಈಗ ಅತ್ತ. ಅವನ ಕೈಕಾಲುಗಳನ್ನು ತಾಯಿಯೂ ಚಿಕ್ಕಮ್ಮನೂ ಹಿಡಿದುಕೊಂಡರು.

ಚಿತ್ರ ಬಂತು. ಗಂಟಲಿನಿಂದ ಕೆಳಹೊಟ್ಟೆಯವರೆಗೆ ಏನೂ ಇರಲಿಲ್ಲ.

“ಏನಿಲ್ಲ, ಮಗು ಆರಾಮಾಗಿದೆ,” ಎಂದರು ಡಾಕ್ಟರಮ್ಮ. “ಕರ್ಕೊಂಡು ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ಆ ಸೆಲ್ಲು ಸಿಗೋವರೆಗೂ ಹುಡುಕಿ, ಗಂಟಲಲ್ಲಿ ಸಿಕ್ಕಿಕೊಂಡ್ರೆ ಒಳಗೇ ಸುಡುತ್ತೆ. ಮನೇಲಿ ಇನ್ಯಾವ ಮಕ್ಕಳಿದ್ರು?”

“ಇನ್ನೊಂದು ಮಗು. ಅದು ನಿದ್ದೇಲಿತ್ತು.”

ಗುಂಡನ ತಂದೆ ಕೆಲಸ ಬಿಟ್ಟು ಓಡಿಬಂದಿದ್ದ. ಭಯವೆಲ್ಲ ಇಳಿದ ಮೇಲೆ ಅವನಿಗೆ ಸಿಟ್ಟು ಬಂತು. “ಸುಮ್‌ಸುಮ್ನೆ ಜೀವ ಬಾಯಿಗೆ ತಂದ್ರಲ್ಲ! ಸರಿಯಾಗಿ ಹುಡುಕದೆ ಊರೆಲ್ಲ ಡಂಗುರ ಹೊಡೆಯೋದಾ?” ಎಂದ. ಗುಂಡನ ತಾಯಿ ಚಿಕ್ಕಮ್ಮನನ್ನು ಮನೆಗೆ ಬಿಡುವ ಮಾತೂ ಆಡಲಿಲ್ಲ. ಚಿಕ್ಕಮ್ಮ ಬಸ್ಸು ಹಿಡಿದಳು. ಬಸ್ಸಿನಲ್ಲಿ ಫೋನು ನೋಡಿದರೆ, ಮಕ್ಕಳ ಪೋಷಕರ ಗುಂಪಿನಲ್ಲಿ ಗುಂಡನ ತಂದೆ ಆಗಲೇ ಬರೆದಿದ್ದ: ‘ಇಲ್ಲದ ಸೆಲ್ಲಿಗೆ ಎಕ್ಸ್‌ರೇ ಆಯ್ತು. ಚಿಕ್ಕಮ್ಮನಿಗೆ ವಯಸ್ಸಾಯ್ತು ಅನ್ಸುತ್ತೆ.’ ಅದರ ಕೆಳಗೆ ಯಾರೋ ನಗುವ ಮುಖ ಹಾಕಿದ್ದರು.

ಮನೆಗೆ ಬಂದಾಗ ಓರಗಿತ್ತಿ ಎರಡೂ ಕೋಣೆ ಗುಡಿಸಿ ಒರೆಸಿ ಮುಗಿಸಿದ್ದಳು. ಪುಟ್ಟಿಯನ್ನು ಅವಳಪ್ಪ ಬಂದು ಕರೆದುಕೊಂಡು ಹೋಗಿದ್ದ.

“ಸಿಕ್ತಾ?” ಎಂದಳು ಚಿಕ್ಕಮ್ಮ.

“ಇಲ್ಲಕ್ಕ. ಕಸದ ಜೊತೆ ಹೋಗಿರುತ್ತೆ ಬಿಡಿ.” ಊದಿದ ಕೆನ್ನೆಯಿಂದ ಅವಳ ಮಾತು ಅರ್ಧ ನುಂಗಿದಂತೆ ಬರುತ್ತಿತ್ತು. “ಆ ರಿಮೋಟಲ್ಲಿ ಸೆಲ್ಲು ಇತ್ತು ಅಂತ ಏನು ಗ್ಯಾರಂಟಿ?”

“ಬೆಳಿಗ್ಗೆ ಅದರಲ್ಲೇ ಫ್ಯಾನ್ ಹಾಕಿದ್ದೆ.”

ಚಿಕ್ಕಮ್ಮ ಕಸದ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಹಳೆಯ ಪತ್ರಿಕೆಯ ಮೇಲೆ ಸುರಿದಳು. ಬಾಳೆಹಣ್ಣಿನ ಸಿಪ್ಪೆ, ಒದ್ದೆ ಕಾಗದ, ಧೂಳಿನ ಉಂಡೆಗಳು. ಒಂದೊಂದನ್ನೇ ಬೆರಳಲ್ಲಿ ಬಿಡಿಸಿದಳು. ಇರಲಿಲ್ಲ. ಒಳಗೆ ಬಂದು ಹಾಸಿಗೆಯ ಹತ್ತಿರ ನಿಂತಳು. ಹಾಸಿಗೆಯಿಂದ ಕಿಟಕಿಯ ಕಟ್ಟೆಗೆ ದೂರವಿರಲಿಲ್ಲ.

ನಿಂತಲ್ಲೇ ಅವಳಿಗೆ ಒಂದು ವಿಷಯ ನೆನಪಾಯಿತು. ತಾನು ಹಿತ್ತಲಿಗೆ ಹೋಗುವಾಗ ಪುಟ್ಟಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಎದೆಯವರೆಗೆ ಹೊದಿಕೆ ಎಳೆದದ್ದು ತಾನೇ. ವಾಪಸ್ಸು ಬಂದಾಗ ಮಗು ಗೋಡೆಯ ಕಡೆ ತಿರುಗಿತ್ತು, ಹೊದಿಕೆ ಹಾಸಿಗೆಯ ಆಚೆ ನೆಲದ ಮೇಲಿತ್ತು.

“ಅವಳು ಎದ್ದಿದ್ದಳು,” ಎಂದಳು.

“ಯಾರು?”

“ಪುಟ್ಟಿ. ಎದ್ದು, ಓಡಾಡಿ, ಮತ್ತೆ ಮಲಗಿದ್ದಾಳೆ. ನೀನು ನೋಡ್ಕೊಂಡೆಯಲ್ಲ, ಹೇಗಿದ್ದಳು?”

ಓರಗಿತ್ತಿ ನೆನೆಸಿಕೊಂಡಳು. “ಹಾಲು ಕೊಟ್ಟೆ, ಬೇಡ ಅಂದ್ಲು. ಜೊಲ್ಲು ಸುರಿಸ್ತಾ ಇದ್ಲು. ಹಲ್ಲು ಬರ್ತಿರಬೇಕು ಅಂದ್ಕೊಂಡೆ.”

ಚಿಕ್ಕಮ್ಮ ಪುಟ್ಟಿಯ ಅಪ್ಪನಿಗೆ ಫೋನು ಮಾಡಿದಳು. ಅವನು ಲಾರಿ ಓಡಿಸುವವನು. ಫೋನು ಆಫಾಗಿತ್ತು. ಪುಟ್ಟಿಯ ತಾಯಿ ಕಾರ್ಖಾನೆಯಲ್ಲಿ, ಸಂಜೆಯ ಪಾಳಿ. ಅಲ್ಲಿ ಫೋನನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಮನೆಯಲ್ಲಿರುವ ಅಜ್ಜಿಗೆ ಫೋನೇ ಇಲ್ಲ. ಚಿಕ್ಕಮ್ಮ ಚಪ್ಪಲಿ ಮೆಟ್ಟಿದಳು.

ಓರಗಿತ್ತಿ ಬಾಗಿಲಿಗೆ ಅಡ್ಡ ನಿಂತಳು. “ಅಕ್ಕ, ನಿಮಗೆ ಬುದ್ಧಿ ಇದೆಯಾ? ಒಂದ್ಸಲ ನಗೆಪಾಟಲಾಗಿದ್ದು ಸಾಲದಾ? ಬಾಯಿ ಬಿಟ್ಟರೆ ಬಣ್ಣಗೇಡು. ಈ ಮಗೂಗೂ ಏನಿಲ್ಲ ಅಂತಾದ್ರೆ ನಾಳೆ ಒಬ್ಬರೂ ಈ ಗೇಟು ದಾಟಲ್ಲ. ಆ ಲಾರಿಯವನ ಸಿಟ್ಟು ಗೊತ್ತಲ್ಲ?”

“ಗೊತ್ತು.”

“ಏನಾದ್ರೂ ಆಗಿದ್ರೆ ಅವರಿಗೇ ಗೊತ್ತಾಗುತ್ತೆ. ಅವರೇ ಆಸ್ಪತ್ರೆಗೆ ಹೋಗ್ತಾರೆ.”

“ಗೊತ್ತಾಗೋದರೊಳಗೆ ಏನಾಗಿರುತ್ತೋ! ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದ ರೀತಿ ನೀನು ನೋಡಿಲ್ಲ. ದಾರಿ ಬಿಡು.”

“ಇರಲಾರದೆ ಇರುವೆ ಬಿಟ್ಕೊಂಡ್ರಂತೆ,” ಎಂದು ಗೊಣಗುತ್ತ ಓರಗಿತ್ತಿ ಪಕ್ಕಕ್ಕೆ ಸರಿದಳು. ಆಮೇಲೆ ಏನನ್ನಿಸಿತೋ, ಒಳಗೆ ಹೋಗಿ ಕೊಡೆ ತಂದು ಅವಳ ಕೈಗಿತ್ತಳು.

ಪುಟ್ಟಿಯ ಮನೆ ಗೋದಾಮುಗಳ ಹಿಂದಿನ ಸಾಲಿನಲ್ಲಿತ್ತು. ಮಳೆ ಹನಿಯತೊಡಗಿತ್ತು. ದಾರಿಯಲ್ಲಿ ಸಿಕ್ಕ ಆಟೋದವರು ಯಾರೂ ಆ ಕಡೆ ಬರಲೊಪ್ಪಲಿಲ್ಲ. ಚಿಕ್ಕಮ್ಮ ಅರ್ಧ ಓಡಿದಳು, ಅರ್ಧ ನಡೆದಳು. ಏದುಸಿರು ಬಿಡುತ್ತ ತಿರುವು ದಾಟಿದಾಗ, ಸರಕು ತುಂಬಿ ಟಾರ್ಪಾಲು ಬಿಗಿದ ಲಾರಿ ಮನೆಯೆದುರೇ ನಿಂತಿತ್ತು. ಇಂಜಿನ್ ಗುರುಗುಡುತ್ತಿತ್ತು. ಪುಟ್ಟಿಯ ಅಪ್ಪ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಹತ್ತುವುದರಲ್ಲಿದ್ದ.

“ಏನ್ ಚಿಕ್ಕಮ್ಮ, ಈ ಮಳೇಲಿ?”

ಚಿಕ್ಕಮ್ಮನಿಗೆ ಉಸಿರು ತಿರುಗಲಿಲ್ಲ. “ಪುಟ್ಟಿ ಎಲ್ಲಿ? ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗ್ಲೇ. ಸೆಲ್ಲು ನುಂಗಿರಬಹುದು.”

ಅವನು ನಕ್ಕ. “ಓ, ಅದಾ! ಫೋನ್ ಆಫಾಗೋ ಮುಂಚೆ ಗುಂಪಲ್ಲಿ ಓದ್ದೆ. ಗುಂಡ ಆಯ್ತು, ಈಗ ನಮ್ಮ ಮಗೂನಾ? ನಾನು ಹೊರಡ್ಬೇಕು ಚಿಕ್ಕಮ್ಮ. ಸರಕು ಬೆಳಗಾಗೋದರೊಳಗೆ ತಲುಪಬೇಕು.”

“ಮಗು ಏನಾದ್ರೂ ತಿಂದಳಾ?”

ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡಳು, ಹೆಗಲ ಮೇಲೆ ಪುಟ್ಟಿ. ಅಜ್ಜಿಯ ರವಿಕೆಯ ತೋಳು ಜೊಲ್ಲಿನಿಂದ ನೆನೆದಿತ್ತು. “ಬಂದಾಗಿಂದ ಬಾಯಿಗೆ ಒಂದು ತೊಟ್ಟು ಇಟ್ಟಿಲ್ಲ ಕಣಮ್ಮ. ಕುಡಿಸೋಕೆ ಹೋದ್ರೆ ತಲೆ ಹಿಂದಕ್ಕೆ ಹಾಕ್ತಾಳೆ. ಹಲ್ಲಿಗೆ ಹೀಗೇ ಆಗುತ್ತೆ ಅಂತ ಇವನು ಹೇಳ್ತಾನೆ.”

ಪುಟ್ಟಿ ಚಿಕ್ಕಮ್ಮನನ್ನು ನೋಡಿದಳು. ಅಳಲಿಲ್ಲ. ಕಷ್ಟಪಟ್ಟು ಒಮ್ಮೆ ಉಗುಳು ನುಂಗಿ, ಹಣೆ ಗಂಟಿಕ್ಕಿದಳು.

“ನೀವು ನೋಡಿದ್ರಾ, ಅವಳು ನುಂಗಿದ್ದು?” ಲಾರಿಯವನ ದನಿಯಲ್ಲಿ ನಗು ಹೋಗಿತ್ತು.

“ಇಲ್ಲ.”

“ಮತ್ತೆ? ಮಗು ಹತ್ರ ನೀವಿರ್ಲಿಲ್ವಾ? ಎಲ್ಲಿದ್ರಿ?”

ಅಡುಗೆಮನೆಯಲ್ಲಿದ್ದೆ ಎನ್ನಬಹುದಿತ್ತು. ಗುಂಡನ ಮೈ ತೊಳೆಯುತ್ತಿದ್ದೆ ಎನ್ನಬಹುದಿತ್ತು. ಗುಂಡನಿಗೆ ಅಲ್ಲವೆನ್ನುವಷ್ಟು ಮಾತು ಬರುವುದಿಲ್ಲ, ಹಿತ್ತಲಿಗೆ ಯಾವ ಮನೆಯ ಕಿಟಕಿಯೂ ತೆರೆಯುವುದಿಲ್ಲ. ಆದರೆ ಮಗು ಎಷ್ಟು ಹೊತ್ತು ಒಂಟಿಯಾಗಿತ್ತೆಂಬುದು ಇವನಿಗೂ ಡಾಕ್ಟರಮ್ಮನಿಗೂ ಗೊತ್ತಾಗಬೇಕಿತ್ತು.

“ಹಿತ್ತಲಲ್ಲಿ ಫೋನಲ್ಲಿ ಮಾತಾಡ್ತಾ ನಿಂತಿದ್ದೆ,” ಎಂದಳು. “ತುಂಬಾ ಹೊತ್ತು. ತಪ್ಪು ನನ್ನದೇ. ಬೈಯೋದೆಲ್ಲ ಆಮೇಲೆ ಬೈಯಪ್ಪ. ಈಗ ಗಾಡಿ ಹತ್ತು.”

ಅವನು ಅವಳನ್ನು ಹೊಡೆದೇ ಬಿಡುತ್ತಾನೆಂದು ಅಜ್ಜಿಗೆ ಅನ್ನಿಸಿರಬೇಕು, “ಮಗಾ” ಎಂದಳು. ಅವನು ಮಗುವನ್ನು ಎತ್ತಿಕೊಂಡು ನೇರ ಚಿಕ್ಕಮ್ಮನ ಕೈಗೆ ಕೊಟ್ಟು, ಲಾರಿಗೆ ಹತ್ತಿಸಿದ.

ಸರಕು ತುಂಬಿದ ಲಾರಿ ಪೇಟೆಯ ಸಂಜೆಯ ಸಂದಣಿಯಲ್ಲಿ ಆನೆಯಂತೆ ಹೊರಳಿತು. ಅವನು ಹಾರನ್ ಮೇಲಿನ ಕೈ ತೆಗೆಯಲಿಲ್ಲ. ದೊಡ್ಡ ಗಾಡಿಗಳಿಗೆ ಪ್ರವೇಶವಿಲ್ಲದ ರಸ್ತೆಗೆ ನುಗ್ಗಿದ. ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದವನು, ಕಿಟಕಿಯಾಚೆ ಚಿಕ್ಕಮ್ಮ ಎತ್ತಿ ಹಿಡಿದ ಮಗುವನ್ನು ಕಂಡು ದಾರಿ ಬಿಟ್ಟ. ಪುಟ್ಟಿ ಒಮ್ಮೆ ಕೆಮ್ಮಿದಳು. ಜೊಲ್ಲಿನಲ್ಲಿ ಕಂದು ಬಣ್ಣದ ಎಳೆ ಇತ್ತು. ಚಿಕ್ಕಮ್ಮ ಅದನ್ನು ಸೆರಗಿನಿಂದ ಒರೆಸಿದಳು. “ಬೇಗ,” ಎಂದಳು. “ಬೇಗ ಹೋಗಪ್ಪ.”

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಮನೆಗೆ ಹೊರಡಲು ಬ್ಯಾಗು ಹಿಡಿದಿದ್ದರು. ಚಿಕ್ಕಮ್ಮನನ್ನು ನೋಡಿ, ಅವಳ ತೋಳಲ್ಲಿದ್ದ ಬೇರೆ ಮಗುವನ್ನು ನೋಡಿ, ಏನೂ ಕೇಳದೆ ಬ್ಯಾಗು ಕೆಳಗಿಟ್ಟರು.

ಈ ಸಲದ ಎಕ್ಸ್‌ರೇಯಲ್ಲಿ ಅದು ಕಂಡಿತು. ಕತ್ತಿನ ಬುಡದಲ್ಲಿ, ಅನ್ನನಾಳಕ್ಕೆ ಅಡ್ಡವಾಗಿ, ಬೆಳ್ಳಗೆ ಗುಂಡಗೆ. ಅಂಚಿನಲ್ಲಿ ಉಂಗುರದೊಳಗೊಂದು ಉಂಗುರ. ಡಾಕ್ಟರಮ್ಮ ಫೋನಿನಲ್ಲಿ ಯಾರನ್ನೋ ಜೋರುದನಿಯಲ್ಲಿ ಕರೆದರು. ಆಪರೇಷನ್ ಕೋಣೆಯ ದೀಪ ಹೊತ್ತಿತು. ನರ್ಸುಗಳು ಪುಟ್ಟಿಯನ್ನು ಒಳಗೆ ಒಯ್ದರು. ತಳ್ಳುಬಾಗಿಲು ಎರಡು ಸಲ ಹಿಂದೆ ಮುಂದೆ ಆಡಿ ನಿಂತಿತು.

ಹೊರಗೆ ಉದ್ದನೆಯ ಬೆಂಚು. ಲಾರಿಯವನು ಒಂದು ತುದಿಯಲ್ಲಿ ಕೂತ. ಚಿಕ್ಕಮ್ಮ ಕೂರಲಿಲ್ಲ. ಕಾರ್ಖಾನೆಗೆ ಸುದ್ದಿ ಮುಟ್ಟಿ ಪುಟ್ಟಿಯ ತಾಯಿ ಕೆಲಸದ ಟೊಪ್ಪಿಯನ್ನೂ ತೆಗೆಯದೆ ಓಡಿಬಂದಳು. “ಏನಾಯ್ತು?” ಎಂದು ಗಂಡನನ್ನು ಕೇಳಿದಳು. ಅವನು ಚಿಕ್ಕಮ್ಮನ ಕಡೆ ಗಲ್ಲ ಎತ್ತಿ ತೋರಿಸಿದ. ಚಿಕ್ಕಮ್ಮ ಮತ್ತೊಮ್ಮೆ ಎಲ್ಲವನ್ನೂ ಹೇಳಿದಳು: ಟೇಪು ಸುತ್ತಿದ ರಿಮೋಟು, ಹಿತ್ತಲು, ಫೋನು, ಗುಂಡನನ್ನು ಮಾತ್ರ ಕರೆತಂದದ್ದು. ಹೇಳುವಾಗ ಅವಳು ಅಳಲಿಲ್ಲ. ಇಲ್ಲಿ ಅಳುವುದು ತನ್ನ ಹಕ್ಕಲ್ಲವೆಂದು ಅವಳಿಗೆ ಅನ್ನಿಸಿತ್ತು. ತಾಯಿ ಕೊನೆಯವರೆಗೂ ಕೇಳಿ, “ದೂರ ಹೋಗಿ ನಿಂತ್ಕೊಳ್ಳಿ,” ಎಂದಳು. ಚಿಕ್ಕಮ್ಮ ಮೆಟ್ಟಿಲಿನ ಹತ್ತಿರ ಹೋಗಿ ನಿಂತಳು.

ಎಷ್ಟು ಹೊತ್ತಾಯಿತೋ. ಬಾಗಿಲು ತೆರೆದಾಗ ಡಾಕ್ಟರಮ್ಮನ ಕೈಯಲ್ಲಿ ಸಣ್ಣ ಡಬ್ಬಿಯಿತ್ತು. ಅದರೊಳಗೆ ಒಂದು ಮಗ್ಗುಲು ಕಪ್ಪಾದ ಸೆಲ್ಲು.

“ತೆಗೆದಾಯ್ತು. ಒಳಗೆ ಸುಟ್ಟಿದೆ. ಅನ್ನನಾಳ ತೂತಾಗಿಲ್ಲ, ಅದೇ ಪುಣ್ಯ. ಬೆಳಗಿನವರೆಗೆ ಹಾಗೇ ಬಿಟ್ಟಿದ್ರೆ ನಾನು ಈ ಮಾತು ಹೇಳೋಕಾಗ್ತಿರ್ಲಿಲ್ಲ. ಕೆಲವು ವಾರ ಕೊಳವೇಲಿ ಆಹಾರ. ಆಮೇಲೂ ಆಗಾಗ ಬಂದು ತೋರಿಸ್ತಾ ಇರಬೇಕು.”

ತಾಯಿ ನೆಲದ ಮೇಲೇ ಕುಸಿದು ಕೂತಳು. ಲಾರಿಯವನು ಗೋಡೆಗೆ ಹಣೆಯಾನಿಸಿ ನಿಂತ. ಆಮೇಲೆ ಮೆಟ್ಟಿಲ ಬಳಿ ಬಂದ. “ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡಿ,” ಎಂದ. ಚಿಕ್ಕಮ್ಮ ತಲೆಯಾಡಿಸಿ ಮೆಟ್ಟಿಲಿಳಿದಳು.

ಆ ವಾರವೇ ಮಕ್ಕಳ ಕೇಂದ್ರಗಳ ತನಿಖೆ ಮಾಡುವ ಅಧಿಕಾರಿ ಬಂದರು. ಅವರು ಬರುವ ಮೊದಲು ಓರಗಿತ್ತಿ ಒಂದು ಉಪಾಯ ಹೇಳಿದ್ದಳು: “ನಾನೂ ಅವತ್ತು ಮನೇಲೇ ಇದ್ದೆ ಅಂತೀನಿ ಅಕ್ಕ. ಹಲ್ಲಿನ ಡಾಕ್ಟರ್ ಹತ್ರ ಹೋಗಿ ಅವರ್ಯಾಕೆ ಕೇಳ್ತಾರೆ? ಇಬ್ಬರಿದ್ದೂ ಆಯ್ತು ಅಂದ್ರೆ ಆಕಸ್ಮಿಕ ಅನ್ಸುತ್ತೆ.” ನಾದಿನಿಯಂತೆ ಚುಚ್ಚುತ್ತಿದ್ದವಳು ತನಗಾಗಿ ಸುಳ್ಳು ಹೇಳಲೂ ಸಿದ್ಧಳಾದದ್ದು ಕಂಡು ಚಿಕ್ಕಮ್ಮನಿಗೆ ಕಣ್ಣು ತುಂಬಿತು. ಆದರೂ, “ಬೇಡ ಕಣೆ,” ಎಂದಳು. “ಇದ್ದದ್ದು ಇದ್ದಂಗೇ ಹೇಳೋಣ.” ಅಧಿಕಾರಿ ಎಲ್ಲವನ್ನೂ ಕೇಳಿ, ಮುಂದಿನ ತೀರ್ಮಾನದವರೆಗೆ ಕೇಂದ್ರ ಮುಚ್ಚಿಸಿದರು. ಚಿಕ್ಕಮ್ಮನಿಗೆ ಅದು ಅನ್ಯಾಯವೆನ್ನಿಸಲಿಲ್ಲ. ಆಟದ ಸಾಮಾನುಗಳನ್ನೆಲ್ಲ ತೊಳೆದು, ಒರೆಸಿ, ಬೀರುವಿನಲ್ಲಿಟ್ಟಳು.

ಆ ತಿಂಗಳುಗಳು ಅವಳಿಗೆ ಕಷ್ಟದವು. ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ. ಬೀದಿಗಿಳಿದರೆ ಜನ ಮಾತು ನಿಲ್ಲಿಸುತ್ತಾರೆ. ಕೆಲವರು ಬೇಕೆಂದೇ ಎದುರು ಬದಿಗೆ ದಾಟುತ್ತಾರೆ. ನಿದ್ದೆಯಲ್ಲಿ ಪುಟ್ಟಿ ಹಣೆ ಗಂಟಿಕ್ಕಿ ನುಂಗುವುದು ಕಾಣುತ್ತಿತ್ತು. ಪುಟ್ಟಿಯ ಸುದ್ದಿ ಅವಳಿಗೆ ಅಜ್ಜಿಯಿಂದ ತಿಳಿಯುತ್ತಿತ್ತು. ಅಜ್ಜಿ ತರಕಾರಿ ತರುವಾಗ ಒಂದು ನಿಮಿಷ ಗೇಟಿನ ಹೊರಗೇ ನಿಂತು, “ಕೊಳವೆ ತೆಗೆದ್ರು ಕಣಮ್ಮ,” “ಇವತ್ತು ಹಾಲು ಕುಡಿದ್ಲು,” “ಮೆತ್ತಗೆ ಮಾಡಿದ ಅನ್ನ ತಿಂದ್ಲು, ಕೆಮ್ಮಲಿಲ್ಲ” ಎಂದು ಹೇಳಿ ಹೊರಟುಬಿಡುವಳು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. “ಅವನಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ,” ಎನ್ನುವಳು. ಲಾರಿಯವನು ಒಮ್ಮೆ ರಸ್ತೆಯಲ್ಲಿ ಎದುರಾದ. ಚಿಕ್ಕಮ್ಮ ದಾಟಲೆಂದು ಗಾಡಿ ನಿಲ್ಲಿಸಿದ. ಆದರೆ ಅವಳ ಕಡೆ ನೋಡಲಿಲ್ಲ.

ಮತ್ತೆ ತೆರೆಯಲು ಅನುಮತಿ ಸಿಕ್ಕಾಗ ಕಟ್ಟುಪಾಡುಗಳು ಹೆಚ್ಚಾಗಿದ್ದವು. ಇಬ್ಬರಲ್ಲ, ಮೂವರಿರಬೇಕು. ಮಕ್ಕಳಿರುವ ಕೋಣೆಯಲ್ಲಿ ಸೆಲ್ಲಿನ ಯಾವ ವಸ್ತುವೂ ಇರಬಾರದು. ಮೊದಲ ದಿನ ಬಾಗಿಲು ತೆರೆದು, ಚಾಪೆ ಹಾಸಿ ಕೂತರು. ಯಾರೂ ಬರಲಿಲ್ಲ. “ನಾವೇ ಆಟ ಆಡೋಣ ಬನ್ನಿ ಅಕ್ಕ,” ಎಂದು ಓರಗಿತ್ತಿ ಬಣ್ಣದ ಕಟ್ಟಿಗೆ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದಳು. ಎರಡನೆಯ ದಿನವೂ ಹಾಗೇ.

ಮೂರನೆಯ ದಿನ ಗೇಟಿನಲ್ಲಿ ಸ್ಕೂಟರು ನಿಂತಿತು. ಗುಂಡನ ತಾಯಿ ಮಗನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

“ಒಂದು ಮಾತು ಕೇಳ್ತೀನಿ ಚಿಕ್ಕಮ್ಮ. ಅವತ್ತು ಇಲ್ಲೇ ನಿಂತು ನಾನು ಕೇಳಿದಾಗ ಚೆನ್ನಾಗೇ ಇದ್ದ ಅಂದ್ರಿ. ಆಗ್ಲೇ ನಿಮಗೆ ಗೊತ್ತಿತ್ತು, ಅಲ್ವಾ?”

ಓರಗಿತ್ತಿಯ ಕೈಯಲ್ಲಿದ್ದ ಕಟ್ಟಿಗೆ ತುಂಡು ಹಾಗೇ ನಿಂತಿತು. ಆ ಕ್ಷಣದ ಬಗ್ಗೆ ಚಿಕ್ಕಮ್ಮನನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಅಧಿಕಾರಿಯೂ ಕೂಡ.

“ಗೊತ್ತಿತ್ತು,” ಎಂದಳು. “ಮುಚ್ಚಿಡೋಣ ಅಂದ್ಕೊಂಡೆ. ನೀನು ಗಾಡಿ ಶುರು ಮಾಡೋವರೆಗೂ ಹಾಗೇ ಅಂದ್ಕೊಂಡಿದ್ದೆ.”

ಗುಂಡನ ತಾಯಿ ಅವಳನ್ನೇ ನೋಡುತ್ತ ನಿಂತಳು. ಒಳಗೆ ಎದ್ದಿದ್ದ ಕಟ್ಟಿಗೆಯ ಗೋಪುರ ಕಂಡ ಗುಂಡ ತಾಯಿಯ ಕೈಯಿಂದ ಬೆರಳು ಬಿಡಿಸಿಕೊಂಡು ಓಡಿಹೋಗಿ ಅದನ್ನು ಒಂದೇ ಏಟಿಗೆ ಉರುಳಿಸಿದ.

“ಸಂಜೆ ಸ್ವಲ್ಪ ತಡವಾಗುತ್ತೆ,” ಎಂದು ಹೇಳಿ, ಅವಳು ಮಗನ ಬ್ಯಾಗನ್ನು ಹೊಸ್ತಿಲ ಒಳಗಿಟ್ಟು ಮೆಟ್ಟಿಲಿಳಿದಳು.